ಬ್ರೇಕ್ ಗಾಳಿ ತೆಗೆಯೋಕೆ ಈಗ ಒಬ್ಬರೇ ಸಾಕು

ನನ್ನ ಕಾರಿನ ನಾಲ್ಕೂ ಚಕ್ರದ ಬ್ರೇಕಿಗೆ, ಜೊತೆಗೆ ಕ್ಲಚ್ಚಿನ ಸ್ಲೇವ್ ಸಿಲಿಂಡರಿಗೂ (ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಒನ್-ವೇ ಬ್ಲೀಡರ್ ಸ್ಕ್ರೂ ಹಾಕಿದೆ, ಅಂದರೆ ಆಯಿಲ್ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಕ್ಕೆ ಮಾತ್ರ ಬಿಡುವ ಸ್ಕ್ರೂ. ನೋಡೋಕೆ ಗಾಳಿ ತೆಗೆಯುವ ಮಾಮೂಲಿ ನಿಪ್ಪಲ್ಲೇ. ಒಳಗೆ ಪುಟ್ಟ ಗುಂಡು, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್. ಸ್ಕ್ರೂ ಸ್ವಲ್ಪ ಸಡಿಲಿಸಿ ಪೆಡಲ್ ಒತ್ತಿದರೆ ಗುಂಡು ಸರಿದು ಆಯಿಲ್ ಹೊರಗೆ ಬರುತ್ತದೆ. ಕಾಲು ತೆಗೆದರೆ ತಕ್ಷಣ ಮುಚ್ಚಿಕೊಳ್ಳುತ್ತದೆ, ಗಾಳಿ ವಾಪಸ್ ಒಳಗೆ ಹೋಗಲ್ಲ. ಥ್ರೆಡ್ಡಿಗೆ ಬಳಿದ ಸೀಲಂಟೂ ಅಷ್ಟೇ ಮುಖ್ಯ, ಅದಿಲ್ಲದಿದ್ದರೆ ಸಂದಿಯಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಒಬ್ಬರು ಕಾರಿನಡಿ, ಇನ್ನೊಬ್ಬರು ಸೀಟಲ್ಲಿ ಕೂತು "ಒತ್ತು, ಹಿಡ್ಕೋ, ಬಿಡು" ಅಂತ ಕೂಗಾಡೋದು ಇನ್ನಿಲ್ಲ.

ಪಾರದರ್ಶಕ ಪೈಪಲ್ಲಿ ಕಂದು ಬಣ್ಣದ ಹಳೇ ಆಯಿಲ್, ಮಧ್ಯೆ ಗುಳ್ಳೆಗಳು, ಆಮೇಲೆ ತಿಳಿಯಾದ ಹೊಸ ಆಯಿಲ್. ನೋಡ್ತಾ ಇದ್ದರೆ ಎಷ್ಟು ಖುಷಿ ಗೊತ್ತಾ! ದಿನಾ ಜೀವ ಕಾಯೋ ಈ ಆಯಿಲ್ ಬಗ್ಗೆ ನಾವು ಯೋಚಿಸೋದೇ ಕಡಿಮೆ ಅಲ್ವಾ? ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಬ್ರೇಕ್ ಹಿಡಿಯಲ್ಲ, ಹಾಗಾಗಿ ಇದು ದೊಡ್ಡ ವ್ಯತ್ಯಾಸ.

ನೀವೂ ಮಾಡೋದಾದರೆ ಬಾನೆಟ್ಟಿನಡಿ ಇರುವ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗದಂತೆ ಆಗಾಗ ತುಂಬಿಸಿ. ಆಯಿಲ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.