ತೆಳು ಲಗಾಮು ಸುಮ್ನೆ ಹಿಡ್ಕೊಂಡಿರೋ ಕೆಲಸ

ನಾನು ತೀರ್ಥಹಳ್ಳಿ ಹತ್ರ ಒಂದು ಹೋಂಸ್ಟೇನಲ್ಲಿ ಕುದುರೆ ನೋಡ್ಕೊಳೋ ಕೆಲಸದಲ್ಲಿದೀನಿ. ಬೆಳಗ್ಗೆ ಗೆಸ್ಟುಗಳನ್ನ ತೋಟದ ದಾರೀಲಿ ಒಂದು ರೌಂಡು ಕರ್ಕೊಂಡು ಹೋಗೋದು, ವಾಪಸ್ ಬಂದು ಲಾಯ ಗುಡಿಸೋದು, ಗೊರಸು ಕೆರೆದು ಕ್ಲೀನ್ ಮಾಡೋದು, ಮಳೆಗಾಲದಲ್ಲಿ ಕಾಲಿಗೆ ಹತ್ತಿರೋ ಉಂಬಳ ಕೀಳೋದು, ಇಷ್ಟೇ. ಮೊದಲು ಮೂರು ಕುದುರೆ ಇದ್ವು, ಮೂರೂ ಕಾಠಿಯಾವಾಡಿ, ಕಿವಿ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗ್ತಾವಲ್ಲ ಆ ಜಾತಿ. ಸಾದಾ ಸ್ನಾಫಲ್ ಕಡಿವಾಣ, ಅಂದ್ರೆ ಬಾಯಿಗೆ ಅಡ್ಡ ಸರಳು, ಎರಡು ಕಡೆ ರಿಂಗು, ಒಂದೇ ಜೊತೆ ಲಗಾಮು, ಎಳೆದ್ರೆ ನಿಲ್ತಾವೆ, ಬಿಟ್ರೆ ಹೋಗ್ತಾವೆ. ಆರು ವರ್ಷ ಇದನ್ನೇ ಮಾಡಿ ನಂಗೆ ಸವಾರಿ ಬರತ್ತೆ ಅಂತ ನಾನೇ ಸರ್ಟಿಫಿಕೇಟ್ ಬರ್ಕೊಂಡಿದ್ದೆ.

ನಾಲ್ಕನೇದು ಹೋದ ವರ್ಷ ಫೆಬ್ರವರೀಲಿ ಬೆಂಗಳೂರಿಂದ ಬಂತು. ಪೋಲೋ, ಅಂದ್ರೆ ಕುದುರೆ ಮೇಲೆ ಕೂತು ಕೋಲಲ್ಲಿ ಚೆಂಡು ಹೊಡೆಯೋ ಆಟ, ಅದನ್ನ ಆಡಿ ರಿಟೈರ್ ಆದ ಥರೋಬ್ರೆಡ್ (ರೇಸ್ ಕುದುರೆ ಜಾತಿ) ಹೆಣ್ಣು, ಕುತ್ತಿಗೆ ಕೂದಲು ಪೂರ್ತಿ ಬೋಳಿಸಿದ್ರು, ಪೋಲೋದಲ್ಲಿ ಕೋಲಿಗೂ ಲಗಾಮಿಗೂ ಸಿಕ್ಕಬಾರದು ಅಂತ ಹಂಗೆ ಮಾಡ್ತಾರಂತೆ, ನಮ್ಮಮ್ಮ ನೋಡಿ ತಿರುಪತಿಗೆ ಹೋಗ್ಬಂದಿದ್ಯಾ ಅಂತ ಕೇಳಿದ್ರು. ಅದರ ಜೊತೆ ಬಂದಿದ್ದು ಪೆಲ್ಹಾಮ್ ಕಡಿವಾಣ. ಬಾಯೊಳಗೆ ಹೋಗೋ ಸರಳು ಒಂದೇ, ಆದ್ರೆ ಎರಡೂ ಕಡೆ ಕೆಳಕ್ಕೆ ಇಳಿಯೋ ಉದ್ದ ಕಂಬಿ, ಗದ್ದದ ಕೆಳಗೆ ಒಂದು ಸರಪಳಿ, ಸರಳಿನ ಮಟ್ಟಕ್ಕಿರೋ ದೊಡ್ಡ ರಿಂಗಿಗೆ ಅಗಲ ಲಗಾಮು, ಕಂಬಿ ತುದಿ ರಿಂಗಿಗೆ ತೆಳು ಲಗಾಮು. ಹಳೇ ಲಗಾಮು ಬಿರುಕು ಬಿಟ್ಟಿದೆ ಅಂತ ಮಾಲೀಕರು ಎರಡು ಜೊತೆನೂ ಹೊಸದು ತರಿಸಿದ್ರು. ಎರಡು ಕೈಗೆ ನಾಲ್ಕು ಪಟ್ಟಿ. ಎಂತ ಮಹಾ, ಎರಡನ್ನೂ ಒಟ್ಟಿಗೆ ಸೇರಿಸಿ ಹಿಡಿದ್ರಾಯ್ತು ಅಂತ ಹತ್ತಿದೆ.

ಮೂರು ವಾರ ಕುದುರೆ ತಲೆ ಒದರಿದ್ದೇ ಒದರಿದ್ದು. ಬಾಯಿ ತೆರೆಯೋದು, ಗದ್ದ ಎದೆಗೆ ಅಂಟಿಸೋದು, ನಿಲ್ಲು ಅಂದ್ರೆ ಹಿಂದಕ್ಕೆ ನಡೆಯೋದು. ನಾನು ಎಲ್ಲರ ಹತ್ರಾನೂ ಇದು ಪೋಲೋ ಕುದುರೆ ಮಾರಾಯ್ರೆ, ತಲೆ ಕೆಟ್ಟಿದೆ, ಹಿಡಿತಕ್ಕೆ ಬರಲ್ಲ ಅಂತ ಹೇಳ್ಕೊಂಡು ತಿರುಗಿದೆ. ಹಿಡಿತ ಸಾಲ್ತಿಲ್ಲ ಅಂತ ಗದ್ದದ ಸರಪಳೀನ ಒಂದು ಕೊಂಡಿ ಬಿಗಿನೂ ಮಾಡಿದೆ, ಅದನ್ನ ಮಾತ್ರ ಯಾರಿಗೂ ಹೇಳಿರ್ಲಿಲ್ಲ.

ಒಂದಿನ ಬೆಳಗ್ಗೆ ಇಬ್ಬರು ಗೆಸ್ಟು ಹಿಂದೆ ಕಾಠಿಯಾವಾಡಿ ಮೇಲೆ, ನಾನು ಮುಂದೆ ಇದರ ಮೇಲೆ, ಅಡಿಕೆ ತೋಟದ ಪಕ್ಕ ಹೋಗ್ತಿದ್ವಿ, ಮೇಲಿಂದ ಒಂದು ಒಣಗಿದ ಹಾಳೆ ಸರ್ರಂತ ಜಾರಿ ಕಾಲ ಬುಡಕ್ಕೇ ಬಿತ್ತು. ಕುದುರೆ ಬೆಚ್ಚಿದ್ದು ನಿಜ, ಅದೂ ಒಂದೇ ಹೆಜ್ಜೆ. ನಾನು ಗಾಬರೀಲಿ ನಾಲ್ಕೂ ಪಟ್ಟಿ ಸೇರಿಸಿ ಹೊಟ್ಟೆಗೆ ಎಳ್ಕೊಂಡೆ. ಅದು ಕೂತ ಹಾಗೆ ಹಿಂದಕ್ಕೆ ಹೋಯ್ತು, ಇನ್ನೂ ಎಳೆದೆ, ಇನ್ನೂ ಹಿಂದಕ್ಕೆ ಹೋಯ್ತು, ಕೊನೆಗೆ ಹಿಂಗಾಲು ಬಸಿಗಾಲುವೆಗೆ ಇಳೀತು, ನಾನು ಅದಕ್ಕಿಂತ ಮುಂಚೆ ಇಳಿದಿದ್ದೆ, ಬೆನ್ನ ಮೇಲೆ, ಕೆಸರಲ್ಲಿ. ಕುದುರೆಗೂ ನಂಗೂ ಎಂತ ಆಗ್ಲಿಲ್ಲ. ಗೆಸ್ಟಲ್ಲಿ ಒಬ್ಬರು ವಿಡಿಯೋ ಮಾಡಿದ್ರು ಅನ್ನೋದು ಬಿಟ್ರೆ.

ನಮ್ಮೂರಿಗೆ ಮಗಳ ಮನೇಲಿ ಇರೋಕೆ ಬಂದಿರೋ ಒಬ್ಬರು ಹಿರಿಯರಿದಾರೆ, ಧಾರವಾಡ ಕಡೆಯವರು, ಸೈನ್ಯದಲ್ಲಿ ಕುದುರೆ ಪಡೇಲಿ ಇದ್ದವರು. ದಫೇದಾರ್ ಅಂದ್ರೆ ಕುದುರೆ ಪಡೆಯ ಹವಾಲ್ದಾರ್, ಊರೆಲ್ಲಾ ಅವರನ್ನ ದಫೇದಾರ್ರು ಅಂತಾರೆ. ಸಂಜೆ ವಾಕಿಂಗ್ ಬಂದವರು ಲಾಯದ ಗೇಟಿಗೆ ಒರಗಿ ನಿಂತು ನೋಡಿ ಹೋಗೋರು, ಎಂದೂ ಮಾತಾಡಿದವರಲ್ಲ. ಅವತ್ತು ಒಳಗೆ ಬಂದು ಸೀದಾ ಕಡಿವಾಣ ಎತ್ಕೊಂಡು, "ತಮ್ಮಾ, ಪ್ಯಾಂಟ್ ಮ್ಯಾಲೆತ್ತು" ಅಂದ್ರು. ಮೊಣಕಾಲ ಕೆಳಗೆ ಮುಂದಿನ ಎಲುಬಿನ ಮೇಲೆ ಆ ಸರಳು ಅಡ್ಡ ಇಟ್ಟು, ಸರಪಳೀನ ಹಿಂದ್ಗಡೆ ಮೀನಖಂಡಕ್ಕೆ ಸುತ್ತಿ ನಾನು ಹಾಕಿದ್ದ ಕೊಂಡಿಗೇ ಸಿಕ್ಕಿಸಿದ್ರು. ಅಗಲ ಲಗಾಮು ಎಳೆದ್ರು, ಒತ್ತಿದ ಹಾಗಾಯ್ತು. ತೆಳು ಲಗಾಮು ಬರೀ ಎರಡು ಬೆರಳಲ್ಲಿ ಎಳೆದ್ರು, ನಾನು ಅಯ್ಯೋ ಅಂತ ಅವರ ಹೆಗಲು ಹಿಡ್ಕೊಂಡೆ. "ಕುದುರಿ ಬಾಯಾಗ ಇದು ಕೂಡೋ ಜಾಗಾನೂ ಹಿಂಗ ಅದ. ಎಲುಬು, ಮ್ಯಾಲೆ ತೆಳ್ಳನ ಚರ್ಮ, ಅಷ್ಟ." ಗಂಡು ಕುದುರೆಗೆ 40 ಹಲ್ಲು, ಹೆಣ್ಣಿಗೆ ಸಾಮಾನ್ಯವಾಗಿ 36, ಅಷ್ಟೊಂದು ಹಲ್ಲಿದ್ರೂ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇರತ್ತೆ, ಕಡಿವಾಣ ಕೂರೋದು ಅಲ್ಲಿ.

ಲೆಕ್ಕ ಹಾಕಿ ನೋಡಿದ್ರೆ ಹಾರೆ ಹಾಕಿ ಕಲ್ಲು ಮೀಟಿದ ಹಾಗೇ. ನಮ್ಮ ಪೆಲ್ಹಾಮಲ್ಲಿ ಸರಳಿಂದ ಮೇಲೆ ಸುಮಾರು ಒಂದೂವರೆ ಇಂಚು, ಕೆಳಗೆ ಮೂರು ಇಂಚು. ತೆಳು ಲಗಾಮಲ್ಲಿ ನಾನು 1 ಕೆಜಿ ಎಳೆದ್ರೆ ಗದ್ದದ ಸರಪಳಿ ಮೇಲೆ ಹತ್ರ ಹತ್ರ 2 ಕೆಜಿ, ಬಾಯಿ ಮೇಲೆ 3 ಕೆಜಿ, ಅದರ ಜೊತೆಗೆ ಕಿವಿ ಹಿಂದೆ ನೆತ್ತಿ ಮೇಲೂ ಪಟ್ಟಿ ಕೆಳಕ್ಕೆ ಒತ್ತತ್ತೆ. ಸರಪಳಿಯಲ್ಲಿ ಎರಡು ಬೆರಳು ತೂರೋವಷ್ಟು ಸಡಿಲ ಇರಬೇಕು, ಕಂಬಿ ಸುಮಾರು 45 ಡಿಗ್ರಿ ಹಿಂದಕ್ಕೆ ಬಂದ ಮೇಲೇ ಅದು ಹಿಡೀಬೇಕು, ಅಲ್ಲೀವರೆಗೆ ಕುದುರೆಗೆ ಯೋಚನೆ ಮಾಡೋಕೆ ಟೈಮ್ ಸಿಗತ್ತೆ. ನಾನು ಕೊಂಡಿ ಬಿಗಿ ಮಾಡಿ ಆ ಟೈಮನ್ನೂ ಕಿತ್ಕೊಂಡಿದ್ದೆ. ಗದ್ದ ಎದೆಗೆ ಅಂಟಿಸೋದು, ಹಿಂದೆ ನಡೆಯೋದು, ಅದೆಲ್ಲಾ ನಾನು ಹೇಳಿದ್ದನ್ನೇ ಅದು ಮಾಡ್ತಿದ್ದಿದ್ದು.

ಆಗುಂಬೆ ಘಾಟಿಯ 14 ತಿರುವನ್ನ ಮಿನಿಬಸ್ ಡ್ರೈವರ್ ಗೇರಲ್ಲೇ ಇಳಿಸ್ಕೊಂಡು ಹೋಗ್ತಾರಲ್ಲ, ಬ್ರೇಕು ಕಾಲಡಿ ಇದ್ರೂ ಅದನ್ನೇ ಒತ್ಕೊಂಡು ಕೂರಲ್ಲ, ತೆಳು ಲಗಾಮೂ ಆ ಬ್ರೇಕಿನ ಹಾಗೆ ಅಂತ ತಲೆಗೆ ಹೋಯ್ತು. ಕೈಗೆ ಹೋಗ್ಲಿಲ್ಲ. ದಫೇದಾರ್ರು ಹಿಡಿಯೋಕೆ ಹೇಳ್ಕೊಟ್ಟಿದ್ದು ಹೀಗೆ: ಅಗಲದ್ದು ಕಿರುಬೆರಳ ಹೊರಗಿಂದ, ತೆಳುವಿದ್ದು ಕಿರುಬೆರಳು ಉಂಗುರಬೆರಳ ನಡುವಿಂದ, ಎರಡೂ ಲಗಾಮು ಅಂಗೈ ದಾಟಿ ತೋರುಬೆರಳ ಮೇಲೆ ಬಂದು ಹೆಬ್ಬೆರಳ ಕೆಳಗೆ. ಯೂಟ್ಯೂಬಲ್ಲಿ ಇದನ್ನ ಉಲ್ಟಾ ಹಿಡಿಯೋರೂ ಇದಾರೆ, ನಾನು ಅದನ್ನ ತೋರಿಸಿದಕ್ಕೆ ದಫೇದಾರ್ರು "ಮೊದಲ ಒಂದು ಕಲಿ" ಅಂತ ಫೋನು ಕಿತ್ಕೊಂಡು ತಡಿ ಮೇಲಿಟ್ರು. ಹಿಡಿಯೋದು ಎರಡು ದಿನಕ್ಕೆ ಬಂತು. ಅಗಲದ್ದು ಬಾಯಿಗೆ ಮೆತ್ತಗೆ ತಾಗ್ಕೊಂಡಿರಬೇಕು, ತೆಳುವಿದ್ದು ಅದೇ ಮುಷ್ಟೀಲಿ ಇದ್ದೂ ಜೋಲ್ತಿರಬೇಕು, ಇದು ಮಾತ್ರ ಬರ್ಲೇ ಇಲ್ಲ. ಕುದುರೆ ಸ್ವಲ್ಪ ಜೋರಾದ್ರೂ ಮುಷ್ಟಿ ತಾನೇ ಬಿಗಿಯಾಗೋದು, ನಂಗೆ ಗೊತ್ತೂ ಆಗ್ತಿರ್ಲಿಲ್ಲ.

ಆಗ ದಫೇದಾರ್ರು ಅಂಗಳದಲ್ಲಿ ನಮ್ಮಮ್ಮ ಹೂ ಕಟ್ಟೋಕೆ ಒಣಗಿಸಿದ್ದ ಬಾಳೆನಾರು ತಂದ್ರು. ಅದನ್ನ ಉಗುರಲ್ಲಿ ಸೀಳಿ ಅರ್ಧ ಮಾಡಿ, ತೆಳು ಲಗಾಮನ್ನ ರಿಂಗಿಂದ ಬಿಚ್ಚಿ, ನಡುವೆ ನಾಲ್ಕು ಬೆರಳುದ್ದ ನಾರು ಕಟ್ಟಿದ್ರು, ಎರಡೂ ಕಡೆ. ಎಳೆದ್ರೆ ಟಪ್ ಅಂತ ಹರಿಯತ್ತೆ, ಹರಿದ್ರೆ ಇಳಿದು ಕಟ್ಕೊಂಡು ಮತ್ತೆ ಹತ್ತಬೇಕು. ಸುತ್ತ ಬೇಲಿ ಇರೋ ರಿಂಗಲ್ಲಿ ಮಾತ್ರ. ಮೊದಲ ದಿನ 17 ಸಲ ಇಳಿದೆ. ಹತ್ತಿ ಇಳಿದು ತೊಡೆ ಸೋತು ಹೋಯ್ತು. ತಮಾಷೆ ಅಂದ್ರೆ ಹೆಚ್ಚು ಸಲ ಹರಿದಿದ್ದು ಎಡಗೈದು, ಬಲಗೈ ಬಗ್ಗೆ ಎಚ್ಚರ ಇರ್ತಿತ್ತು, ಎಡಗೈ ಏನ್ ಮಾಡ್ತಿದೆ ಅಂತ ನಂಗೆ ಆರು ವರ್ಷದಿಂದ ಗೊತ್ತೇ ಇರ್ಲಿಲ್ಲ. ನಿಲ್ಲಿಸೋಕೆ ಬೆನ್ನು ನೆಟ್ಟಗೆ ಮಾಡಿ ಭಾರವಾಗಿ ಕೂತು ನೋಡು, ಆಮೇಲೆ ಅಗಲದ್ದು ಅನ್ನೋರು. ಸಕ್ರೆಬೈಲಲ್ಲಿ ಮಾವುತರು ಆನೆ ಕಿವಿ ಹಿಂದೆ ಕಾಲ್ಬೆರಳಲ್ಲೇ ಅಷ್ಟು ದೊಡ್ಡ ಜೀವ ತಿರುಗಿಸ್ತಾರೆ, ಚಿಕ್ಕೋನಿದ್ದಾಗಿಂದ ನೋಡಿದೀನಿ, ಆದ್ರೂ ಕುದುರೆ ಮೇಲೆ ನಂಗೆ ಕಾಲಿದೆ ಅಂತ ನೆನಪಾಗಿರ್ಲಿಲ್ಲ.

ಮಧ್ಯೆ ಮಧ್ಯೆ ಕಥೆನೂ ಆಗೋದು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾದಲ್ಲಿ ನುಗ್ಗಿದ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಅವರು ಹೇಳೋಕೆ ಶುರು ಮಾಡಿದ್ರೆ ನಂಗೆ ಒಂದು ಹತ್ತು ನಿಮಿಷ ರೆಸ್ಟು. ಬಲಗೈಲಿ ಭರ್ಜಿ, ಇರೋ ಬರೋ ಲಗಾಮೆಲ್ಲಾ ಎಡಗೈಲಿ, ನಿಂಗ ಎರಡೂ ಕೈ ಖಾಲಿ ಅದಾವು, ಅದಕ್ಕ ಎಳೀತೀ ಅಂತ ಬೈಯೋರು. ಪೋಲೋದಲ್ಲೂ ಅಷ್ಟೇ, ಕೋಲು ಬಲಗೈಲೇ ಇರಬೇಕು ಅಂತ ರೂಲ್ಸು, ನಾಲ್ಕೂ ಪಟ್ಟಿ ಎಡಗೈಗೆ. ನಮ್ಮ ಕುದುರೆ ಕಲಿತಿದ್ದು ಹಾಗೆ, ಕುತ್ತಿಗೆಗೆ ಲಗಾಮು ಸೋಕಿದ್ರೆ ಸಾಕು ತಿರುಗತ್ತೆ. ತಲೆ ಕೆಟ್ಟ ಕುದುರೆ ಅಂತ ನಾನು ಊರೆಲ್ಲಾ ಹೇಳಿದ್ದು ಇದನ್ನೇ.

ಹನ್ನೊಂದನೇ ದಿನ ಒಂದು ಗಂಟೆ ನಾರು ಹರಿಯದೆ ಉಳೀತು. ದಫೇದಾರ್ರು ಶಹಬ್ಬಾಸ್ ಎಂತದೂ ಹೇಳ್ಲಿಲ್ಲ, ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ನಾಳೆಗೂ ಆಗತ್ತೆ ಅಂತ ಮೊಳೆಗೆ ನೇತು ಹಾಕಿದ್ರು.

ಈಗ ಆಷಾಢ, ಸವಾರಿ ಬಂದ್. ನಮ್ಮಲ್ಲಿ ಈ ಮಳೇಲಿ ಚರ್ಮದ್ದು ಎಂತ ಇಟ್ರೂ ಬೂಷ್ಟು ಬರತ್ತೆ, ಅದಕ್ಕೆ ತಡಿ, ಲಗಾಮು ಎಲ್ಲಾ ಅಡುಗೆಮನೆ ಒಲೆ ಮೇಲಿನ ಅಟ್ಟಕ್ಕೆ ಹಾಕಿ ವಾರಕ್ಕೊಂದು ಸಲ ಒರೆಸಿ ಎಣ್ಣೆ ಹಚ್ತೀನಿ. ನಿನ್ನೆ ಹಚ್ಚೋವಾಗ ನೋಡಿದೆ, ಎರಡೂ ಜೊತೆ ಒಂದೇ ದಿನ ತಂದಿದ್ದು, ಅಗಲದ್ದು ಕೈ ಬೆವರಿಗೆ ಕಪ್ಪಾಗಿ ಹಿಡಿಯೋ ಜಾಗದಲ್ಲಿ ಸವೆದು ಮೆತ್ತಗಾಗಿದೆ, ತೆಳುವಿದ್ದು ಇನ್ನೂ ಅಂಗಡಿ ಬಣ್ಣದಲ್ಲೇ ಇದೆ, ಬೂಷ್ಟು ಮೊದಲು ಹಿಡಿದಿದ್ದೂ ಅದಕ್ಕೇ.