ರಕ್ತದಾನದ ಸಮೀಕ್ಷೆ: ಏಳನೆಯ ವಾರದವರೆಗಿನ ಟಿಪ್ಪಣಿ

ಮೊದಲ ವಾರ

ವೈದ್ಯಕೀಯ ವಿದ್ಯಾರ್ಥಿಗಳಿಗೆ ಸ್ವಯಂಪ್ರೇರಿತ ರಕ್ತದಾನದ ಬಗ್ಗೆ ಎಷ್ಟು ಗೊತ್ತಿದೆ, ಅದನ್ನು ಅವರು ಹೇಗೆ ಕಾಣುತ್ತಾರೆ ಎಂದು ತಿಳಿಯುವ ಸಮೀಕ್ಷೆ ಶುರುವಾಗಿದೆ. ನಾನೂ ಅದೇ ಓದಿನ ಮೂರನೆಯ ವರ್ಷದವನು. ಕೇಳಬೇಕಾದದ್ದು ನನ್ನ ಜೊತೆಯವರನ್ನೇ. ಮಾರ್ಗದರ್ಶಕರು ಒಪ್ಪಿದ್ದಾರೆ, ನೈತಿಕ ಸಮಿತಿಗೆ ಅರ್ಜಿ ಹೋಗಿದೆ. ಉತ್ತರ ಕೊಡುವವರ ಹೆಸರು ಬರೆಸಿಕೊಳ್ಳುವುದಿಲ್ಲ.

ಪ್ರಶ್ನಾವಳಿಯ ಮೊದಲ ಕರಡು ಒಂದೇ ರಾತ್ರಿಯಲ್ಲಿ ಮುಗಿಯಿತು. ರಕ್ತದ ಗುಂಪುಗಳನ್ನು ಕಂಡುಹಿಡಿದವರು ಯಾರು, ಜೂನ್ 14ರಂದೇ ವಿಶ್ವ ರಕ್ತದಾನಿಗಳ ದಿನವೇಕೆ, ಒಂದು ಸಲಕ್ಕೆ ಎಷ್ಟು ರಕ್ತ ತೆಗೆಯುತ್ತಾರೆ, ಇಂಥವು.

ಮೂರನೆಯ ವಾರ

ಹನ್ನೆರಡು ಸಹಪಾಠಿಗಳ ಮೇಲೆ ಪ್ರಶ್ನಾವಳಿಯನ್ನು ಪರೀಕ್ಷಿಸಿದೆ. ತುಂಬುವಾಗ ಪಕ್ಕದಲ್ಲೇ ಕುಳಿತಿದ್ದು ಒಳ್ಳೆಯದಾಯಿತು. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹೆಸರು ಎಲ್ಲರಿಗೂ ಗೊತ್ತು, ಜೂನ್ 14 ಅವರು ಹುಟ್ಟಿದ ದಿನವೆಂಬುದೂ ಹಲವರಿಗೆ ಗೊತ್ತು. 350 ಅಥವಾ 450 ಮಿಲಿಲೀಟರ್ ಎಂದು ತಡವರಿಸದೆ ಬರೆದರು. ಇದು ಪಠ್ಯಪುಸ್ತಕದ ಪರೀಕ್ಷೆಯಾಯಿತೇ ಹೊರತು ಅರಿವಿನ ಅಳತೆಯಾಗಲಿಲ್ಲ. ‘ರಕ್ತದಾನ ಒಳ್ಳೆಯ ಕೆಲಸವೆಂದು ಒಪ್ಪುತ್ತೀರಾ?’ ಎಂಬುದಕ್ಕೆ ಹನ್ನೆರಡೂ ಮಂದಿ ‘ಪೂರ್ತಿ ಒಪ್ಪುತ್ತೇನೆ’ ಎಂದರು. ಬೇರೆ ಉತ್ತರ ಬರಲಾಗದ ಪ್ರಶ್ನೆಯನ್ನು ಕೇಳಿ ಫಲವಿಲ್ಲ, ಅದನ್ನು ತೆಗೆದುಹಾಕಿದೆ.

ಕಣ್ಣು ತೆರೆಸಿದ್ದು ಬೇರೊಂದು ಸಂಗತಿ. ‘ನೀವು ರಕ್ತದಾನ ಮಾಡಿದ್ದೀರಾ?’ ಎಂಬಲ್ಲಿ ಒಬ್ಬಳು ಪೆನ್ನು ನಿಲ್ಲಿಸಿ, “ಅಜ್ಜಿಯ ಶಸ್ತ್ರಚಿಕಿತ್ಸೆಗೆಂದು ಕೊಟ್ಟಿದ್ದೆ, ಅದೂ ಸೇರುತ್ತದೆಯೇ?” ಎಂದು ಕೇಳಿದಳು. ಸೇರುವುದಿಲ್ಲ. ಅದು ಬದಲಿ ದಾನ: ರೋಗಿಗೆ ಬಳಸಿದ ರಕ್ತದ ಜಾಗ ತುಂಬಲು ಮನೆಯವರು ಕೊಡುವುದು. ಯಾರಿಗೆಂದು ತಿಳಿಯದೆ, ಹಣ ಪಡೆಯದೆ, ತಾನಾಗಿ ಬಂದು ಕೊಡುವುದು ಸ್ವಯಂಪ್ರೇರಿತ ದಾನ. ಇದು ಬರೀ ಹೆಸರಿನ ವ್ಯತ್ಯಾಸವಲ್ಲ. ಮನೆಯವರ ಮುಂದೆ ನಿಂತವನಿಗೆ ತನ್ನ ಆರೋಗ್ಯದ ನಿಜ ಹೇಳಿ ಹಿಂದೆ ಸರಿಯುವುದು ಕಷ್ಟ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್‌ಗೆ ಪರೀಕ್ಷೆ ಇದ್ದೇ ಇದೆ. ಆದರೆ ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಗೆ ಅದು ಕಾಣದ ‘ವಿಂಡೋ ಪೀರಿಯಡ್’ ಒಂದಿದೆ. ಆ ಅವಧಿಯಲ್ಲಿ ರೋಗಿಯನ್ನು ಕಾಪಾಡುವುದು ದಾನಿಯ ಪ್ರಾಮಾಣಿಕ ಉತ್ತರ ಮಾತ್ರ.

ಒಂದು ಪ್ರಶ್ನೆಯನ್ನು ಮೂರಾಗಿ ಒಡೆದೆ: ಕೊಟ್ಟಿದ್ದೀರಾ, ಯಾರಿಗೆಂದು ಕೊಟ್ಟಿರಿ, ಯಾರೂ ಕೇಳದೆ ಎಂದಾದರೂ ಕೊಟ್ಟಿದ್ದೀರಾ.

ನಾಲ್ಕನೆಯ ವಾರ

ರಕ್ತನಿಧಿಯಲ್ಲಿ ಒಂದು ಮಧ್ಯಾಹ್ನ ಕಳೆದೆ. ಪ್ಲೇಟ್‌ಲೆಟ್ ಚೀಲಗಳು 20ರಿಂದ 24 ಡಿಗ್ರಿಯಲ್ಲಿ, ನಿಲ್ಲದೆ ಮೆಲ್ಲಗೆ ತೂಗುವ ತಟ್ಟೆಗಳ ಮೇಲೆ ಮಲಗಿದ್ದವು. ಅವುಗಳ ಆಯುಸ್ಸು ಸಾಮಾನ್ಯವಾಗಿ 5 ದಿನ. ಕೆಂಪು ರಕ್ತಕಣಗಳು ಶೀತಕದಲ್ಲಿ, ಬೆರೆಸಿದ ದ್ರಾವಣಕ್ಕೆ ತಕ್ಕಂತೆ, 35ರಿಂದ 42 ದಿನ ಬಾಳುತ್ತವೆ. ಈ ಅಂಕಿಗಳನ್ನು ಮೊದಲೇ ಓದಿದ್ದೆ. ಚೀಲಗಳ ಮೇಲಿನ ಕೊನೆಯ ದಿನಾಂಕಗಳನ್ನು ಒಂದೊಂದಾಗಿ ಓದುತ್ತಾ ನಿಂತಾಗ ಮಾತ್ರ ಅವುಗಳ ಭಾರ ತಿಳಿಯಿತು. ಈ ಕಪಾಟನ್ನು ವಾರವಾರವೂ ಯಾರೋ ತುಂಬುತ್ತಿರಬೇಕು.

ಅಲ್ಲಿಂದ ಬಂದು ಅರಿವಿನ ಭಾಗವನ್ನು ಪೂರ್ತಿ ತಿರುಗಿ ಬರೆದೆ. ತಾತ್ಕಾಲಿಕವಾಗಿ ನಿರಾಕರಿಸಲ್ಪಟ್ಟವರಿಗೂ ಒಂದು ಜಾಗ ಮಾಡಿದೆ, ಏಕೆಂದರೆ ಪರೀಕ್ಷೆಯ ಸುತ್ತಿನಲ್ಲಿ ಒಬ್ಬಳು ತನ್ನನ್ನು ‘ಅನರ್ಹಳು’ ಎಂದು ಬರೆದುಕೊಂಡಿದ್ದಳು. ಒಮ್ಮೆ ಅವಳ ಹಿಮೋಗ್ಲೋಬಿನ್ ಹಲವೆಡೆ ಕನಿಷ್ಠ ಮಿತಿಯಾಗಿರುವ, ಡೆಸಿಲೀಟರಿಗೆ 12.5 ಗ್ರಾಂಗಿಂತ ಸ್ವಲ್ಪ ಕಡಿಮೆ ಬಂದಿತ್ತು, ಅಷ್ಟೇ. ಕಬ್ಬಿಣದ ಕೊರತೆ ಸರಿಪಡಿಸಿಕೊಂಡು ಮತ್ತೆ ಹೋಗಬಹುದೆಂದು ಅಂದು ಯಾರೂ ಅವಳಿಗೆ ಹೇಳಿರಲಿಲ್ಲ. ಇದು ನನಗೆ ಬಹಳ ನೋವು ಕೊಟ್ಟ ಉತ್ತರ. ಕೊಡಲು ಬಂದವಳನ್ನು ಎರಡು ಮಾತು ಆಡದೆ ಕಳುಹಿಸಿ, ಅವಳನ್ನು ವರ್ಷಗಟ್ಟಲೆ ಕಳೆದುಕೊಂಡಿದ್ದೇವೆ.

ಏಳನೆಯ ವಾರ

ಹಾಳೆಗಳೆಲ್ಲ ವಾಪಸ್ ಬಂದಿವೆ. ಎಣಿಕೆ ಇನ್ನೂ ಮುಗಿದಿಲ್ಲ, ಆದ್ದರಿಂದ ಅಂಕಿ ಹೇಳುವುದಿಲ್ಲ. ಆದರೆ ‘ಈವರೆಗೆ ಕೊಡದಿರಲು ಕಾರಣವೇನು?’ ಎಂಬ ತೆರೆದ ಪ್ರಶ್ನೆಯ ಉತ್ತರಗಳನ್ನು ಎರಡು ಸಲ ಓದಿದ್ದೇನೆ. ಸೂಜಿಯ ಭಯ, ತಲೆಸುತ್ತು ಬರಬಹುದೆಂಬ ಆತಂಕ, ಸಮಯವಿಲ್ಲದಿರುವುದು, ಇವೆಲ್ಲ ನಿರೀಕ್ಷಿಸಿದ್ದೇ. ತಲೆಸುತ್ತಿಗೆ ಸುಲಭದ ಉಪಾಯಗಳಿವೆ: ಕೊಡುವ ಮುನ್ನ ಅರ್ಧ ಲೀಟರಿನಷ್ಟು ನೀರು ಕುಡಿಯುವುದು, ಕೊಡುವಾಗ ತೊಡೆಯ ಸ್ನಾಯುಗಳನ್ನು ಬಿಗಿದು ಬಿಡುತ್ತಿರುವುದು.

ನಾನು ನಿರೀಕ್ಷಿಸದೆ ಇದ್ದದ್ದು ಈ ಉತ್ತರ: “ನಮ್ಮವರಿಗೆ ಬೇಕಾದಾಗ ಕೊಡಲು ಇಟ್ಟುಕೊಂಡಿದ್ದೇನೆ.” ಬೇರೆ ಬೇರೆ ವರ್ಷದ ವಿದ್ಯಾರ್ಥಿಗಳು, ಬೇರೆ ಬೇರೆ ಮಾತುಗಳಲ್ಲಿ, ಇದನ್ನೇ ಬರೆದಿದ್ದಾರೆ. ಈಗ ಕೊಟ್ಟರೆ ಮುಂದಿನ ಮೂರು ನಾಲ್ಕು ತಿಂಗಳು ಕೊಡಲಾಗದು, ಅಷ್ಟರಲ್ಲಿ ಮನೆಯಲ್ಲಿ ಯಾರಿಗಾದರೂ ಏನಾದರೂ ಆದರೆ ಎಂಬ ಅಂಜಿಕೆ ಅದರ ಹಿಂದಿದೆ. ಪ್ರೀತಿಯಿಂದ ಹುಟ್ಟಿದ ಮಾತು ಇದು, ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಆದರೂ ಹೆರಿಗೆಯಲ್ಲೋ ಅಪಘಾತದಲ್ಲೋ ರಕ್ತ ಸುರಿಯುತ್ತಿರುವಾಗ, ತೋಳು ಚಾಚಿ ನಿಂತವನ ರಕ್ತ ಆ ಗಳಿಗೆಗೆ ಒದಗುವುದಿಲ್ಲ. ಅದನ್ನು ತೆಗೆದು, ಪರೀಕ್ಷಿಸಿ, ಬೇರ್ಪಡಿಸುವಷ್ಟರಲ್ಲಿ ಗಂಟೆಗಳು ಕಳೆಯುತ್ತವೆ. ಜೀವ ಉಳಿಸುವುದು ಕಪಾಟಿನಲ್ಲಿ ಆಗಲೇ ಸಿದ್ಧವಾಗಿರುವ ಚೀಲ, ಅಂದರೆ ಯಾರೋ ಅಪರಿಚಿತರು ಹಿಂದಿನ ವಾರ ಕೊಟ್ಟದ್ದು. ರಕ್ತಸಂಬಂಧಿಗಳ ರಕ್ತದ ಬಿಳಿಕಣಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳುವ, ಅಪರೂಪವಾದರೂ ಹೆಚ್ಚಾಗಿ ಮಾರಕವಾಗುವ ಅಪಾಯವೂ ಇದೆ. ಅದಕ್ಕಾಗಿಯೇ ಅಂಥ ರಕ್ತವನ್ನು ವಿಕಿರಣಕ್ಕೆ ಒಡ್ಡಿ ಕೊಡಬೇಕಾಗುತ್ತದೆ.

ಇದನ್ನೆಲ್ಲ ಓದಿದವರೇ ಹಾಗೆ ಬರೆದಿದ್ದಾರೆ ಎಂಬುದು ನನ್ನನ್ನು ಬಿಡುತ್ತಿಲ್ಲ. ಓದು ಒಂದು ಕಡೆ, ಮನೆಯವರ ಚಿಂತೆ ಇನ್ನೊಂದು ಕಡೆ ನಿಂತಿವೆ. ನಡುವೆ ಸೇತುವೆ ಇಲ್ಲ. 1921ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದು ದಾನಿ ಬೇಕೆಂದು ಕೇಳಿದಾಗ ರೆಡ್‌ಕ್ರಾಸ್ ಕಾರ್ಯಕರ್ತ ಪರ್ಸಿ ಆಲಿವರ್ ಜೊತೆಗಾರರೊಡನೆ ಹೋದವರು, ಆಮೇಲೆ ಕರೆದಾಗ ಬರುವ ಸ್ವಯಂಸೇವಕರ ಪಟ್ಟಿಯನ್ನೇ ಕಟ್ಟಿದರು. ಆಗ ಕರೆ ಬಂದ ಮೇಲೆ ಹೊರಡುವುದು ಸರಿಯಾಗಿತ್ತು. ಇಂದು ಕೆಲಸ ಸಾಗುವುದು ಕರೆ ಬರುವ ಮುಂಚೆ ಕೊಟ್ಟವರಿಂದ.

ಮುಂದಿನ ಕೆಲಸ: ತೆರೆದ ಉತ್ತರಗಳನ್ನು ನಾನೂ ಇನ್ನೊಬ್ಬ ಸಹಪಾಠಿಯೂ ಬೇರೆ ಬೇರೆಯಾಗಿ ವಿಂಗಡಿಸಿ ತಾಳೆ ನೋಡುವುದು. ‘ಇಟ್ಟುಕೊಂಡಿದ್ದೇನೆ’ ಎಂಬುದಕ್ಕೆ ಪ್ರತ್ಯೇಕ ಗುಂಪು ಮಾಡಿದ್ದೇನೆ. ಅಜ್ಜಿಗಾಗಿ ಕೊಟ್ಟಿದ್ದವಳು ಗುರುವಾರ ರಕ್ತನಿಧಿಗೆ ಹೋಗುತ್ತಿದ್ದಾಳೆ, ನಾನೂ ಜೊತೆಗೆ ಹೊರಟಿದ್ದೇನೆ.