‘ಜಾಂಗೋ’ ಸಿನಿಮಾದಲ್ಲಿ ತೋರಿಸಿದ್ದೆಲ್ಲ ನಿಜವಾ?

ಗಿಟಾರ್ ಇಷ್ಟಪಡುವವರು ಯಾರು ಸಿಕ್ಕರೂ ‘ಜಾಂಗೋ’ ನೋಡಿ ಅಂತ ಹೇಳುತ್ತೇನೆ. ಎಟಿಯೆನ್ ಕೊಮಾರ್ ನಿರ್ದೇಶಿಸಿದ 2017ರ ಫ್ರೆಂಚ್ ಸಿನಿಮಾ ಅದು. ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ 1943ರಲ್ಲಿ, ಜರ್ಮನರ ಕೈಯಲ್ಲಿದ್ದ ಫ್ರಾನ್ಸ್‌ನಲ್ಲಿ ಹೇಗೆ ಬದುಕಿದ ಅನ್ನೋದು ಕತೆ. ನೋಡಿದವರೆಲ್ಲ ಆಮೇಲೆ ಕೇಳುವುದು ಒಂದೇ: “ಇದೆಲ್ಲ ನಿಜವಾಗಿ ನಡೆದದ್ದಾ?”

ಅರ್ಧ ನಡೆದದ್ದು, ಅರ್ಧ ಕಟ್ಟಿದ್ದು.

ಜಾಂಗೋ ಗಾಡಿಗಳಲ್ಲಿ ಊರೂರು ಅಲೆಯುತ್ತಿದ್ದ ರೋಮಾ (ಜನ ‘ಜಿಪ್ಸಿ’ ಅಂತ ಕರೆಯುವ ಸಮುದಾಯ) ಕುಟುಂಬದವನು. 1928ರಲ್ಲಿ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸುಟ್ಟು ಮಡಚಿಕೊಂಡವು. ಉಳಿದೆರಡರಲ್ಲೇ ಅವನು ಸೋಲೋ ನುಡಿಸುತ್ತಿದ್ದ. ಇದು ನಿಜ. 1943ರಲ್ಲಿ ಜಿನೀವಾ ಸರೋವರದ ದಂಡೆಯ ಥೋನೋ ಊರಿನ ಕಡೆಯಿಂದ ಸ್ವಿಟ್ಜರ್ಲೆಂಡ್‌ಗೆ ತಪ್ಪಿಸಿಕೊಳ್ಳಲು ನೋಡಿದ್ದೂ ನಿಜ. ಆದರೆ ಅವನಿಗೆ ನೆರವಾಗುವ ಲೂಯಿಸ್ ಎಂಬ ಹೆಂಗಸು ಬರೀ ಕಲ್ಪನೆ. ಅವನು ನಾಜಿಗಳ ಪಾರ್ಟಿಯಲ್ಲಿ ನುಡಿಸುವಾಗ ಗಾಯಗೊಂಡ ಇಂಗ್ಲಿಷ್ ಯೋಧನನ್ನು ಸರೋವರ ದಾಟಿಸುತ್ತಾರಲ್ಲ, ಅದೂ ಕಟ್ಟಿದ್ದೇ.

ಇವಕ್ಕೆ ನನ್ನ ತಕರಾರಿಲ್ಲ. ಸಿನಿಮಾ ಅಂದಮೇಲೆ ಇಷ್ಟು ಇದ್ದೇ ಇರುತ್ತದೆ. ಕೊನೆಗೆ ಕೇಳಿಸುವ ಪ್ರಾರ್ಥನಾ ಸಂಗೀತವನ್ನು ಮಾತ್ರ ಪೂರ್ತಿ ಜಾಂಗೋದೇ ಅಂದುಕೊಳ್ಳಬೇಡಿ. ಅವನು ಬರೆಸಿದ್ದರಲ್ಲಿ ಉಳಿದದ್ದು ಒಂದು ತುಣುಕು. ಸಿನಿಮಾಕ್ಕಾಗಿ ಅದನ್ನು ಬೆಳೆಸಿದ್ದು ಸಂಗೀತಗಾರ ವಾರೆನ್ ಎಲ್ಲಿಸ್. ಗಿಟಾರ್ ಮಾತ್ರ ಅದ್ಭುತ. ತೆರೆಯ ಮೇಲೆ ನಟ ರೆಡಾ ಕತೆಬ್, ನುಡಿಸಿದ್ದು ಸ್ಟೋಕೆಲೋ ರೋಸೆನ್‌ಬರ್ಗ್. ಅವನೂ ರೋಮಾ ಸಂಗೀತಗಾರರ ಮನೆಯವನೇ.

ನನಗೆ ನೋವಾಗುವುದು ಬೇರೆ ಕಡೆ. ಸಿನಿಮಾದ ಜಾಂಗೋ ಬರಬರುತ್ತಾ ಪ್ರತಿರೋಧದ ವೀರನಾಗುತ್ತಾನೆ. ಇತಿಹಾಸ ಅಷ್ಟು ಸರಳ ಇಲ್ಲ. ಅವನ ಹೆಸರು ತುಂಬಾ ಮೆರೆದದ್ದು ಆ ಯುದ್ಧದ ವರ್ಷಗಳಲ್ಲೇ. 1940ರಲ್ಲಿ ರೆಕಾರ್ಡ್ ಆದ ಅವನ ‘ನ್ಯುಆಜ್’ (ಮೋಡಗಳು) ಎಂಬ ಧಾಟಿ ಪ್ಯಾರಿಸ್ಸಿನವರ ಬಾಯಲ್ಲೆಲ್ಲ ಇತ್ತು. ಜಾಝ್ ಕೀಳು ಸಂಗೀತ ಅಂತ ನಾಜಿಗಳು ಸಾರುತ್ತಿದ್ದರು. ಅದೇ ಪ್ಯಾರಿಸ್ಸಿನ ಕ್ಲಬ್ಬುಗಳಲ್ಲಿ ಜರ್ಮನ್ ಅಧಿಕಾರಿಗಳು ಕೂತು ಅವನನ್ನು ಕೇಳುತ್ತಿದ್ದರು. ಗಡಿಯಲ್ಲಿ ಸಿಕ್ಕಿಬಿದ್ದಾಗ ಬಿಟ್ಟು ಕಳಿಸಿದ್ದೂ ಜಾಝ್ ಹುಚ್ಚಿನ ಒಬ್ಬ ಜರ್ಮನ್ ಅಧಿಕಾರಿಯೇ ಅಂತ ಜೀವನಚರಿತ್ರೆಗಳು ಹೇಳುತ್ತವೆ. ಮತ್ತೆ ಹೋದಾಗ ವಾಪಸ್ ಅಟ್ಟಿದ್ದು ಸ್ವಿಸ್ ಕಾವಲಿನವರು. ಅವನು ಪ್ಯಾರಿಸ್‌ಗೆ ಮರಳಿ ಮತ್ತೆ ನುಡಿಸಿದ.

ಅದೇ ಹೊತ್ತಿಗೆ ಅವನ ಜನ ಎಲ್ಲಿದ್ದರು? ಫ್ರಾನ್ಸ್‌ನ ಶಿಬಿರಗಳಲ್ಲಿ. ಅಲೆಮಾರಿಗಳು ಊರಿಂದೂರಿಗೆ ಓಡಾಡಬಾರದು ಎಂಬ ಆದೇಶ ಬಂದದ್ದು 1940ರ ಏಪ್ರಿಲ್ 6ರಂದು. ಆಗಿನ್ನೂ ಜರ್ಮನ್ ಸೇನೆ ಫ್ರಾನ್ಸ್‌ಗೆ ನುಗ್ಗಿರಲಿಲ್ಲ. ಆಮೇಲೆ ಜರ್ಮನರು ಕೂಡಿಹಾಕಿ ಅಂದರು, ಸರಿ. ಆದರೆ ಶಿಬಿರ ನಡೆಸಿದ್ದು, ಕಾವಲು ಕಾದದ್ದು ಫ್ರೆಂಚರೇ. ಆರು ಸಾವಿರಕ್ಕೂ ಜಾಸ್ತಿ ಜನ ಅಲ್ಲಿ ಬಂದಿಯಾಗಿದ್ದರು. ಯುದ್ಧ ಮುಗಿದು ವರ್ಷ ಕಳೆದರೂ ಕೆಲವರನ್ನು ಬಿಡಲಿಲ್ಲ. ಕೊನೆಯವರು ಹೊರಬಂದದ್ದು 1946ರಲ್ಲಿ.

ಸಿನಿಮಾದಲ್ಲಿ ಕ್ರೌರ್ಯ ಬಹುಪಾಲು ಜರ್ಮನ್ ಸಮವಸ್ತ್ರ ತೊಟ್ಟೇ ಬರುತ್ತದೆ. ಹಾಗಾಗಿ ನೋಡುವವರಿಗೆ ಫ್ರಾನ್ಸ್‌ನ ಪಾಲು ಕಾಣುವುದೇ ಇಲ್ಲ. ನನ್ನ ಪ್ರಕಾರ ದೊಡ್ಡ ಸುಳ್ಳು ಇದೇ, ಲೂಯಿಸ್ ಅಲ್ಲ. ಈ ಶಿಬಿರಗಳಲ್ಲಿ ಫ್ರಾನ್ಸ್‌ನ ಹೊಣೆಯೂ ಇದೆ ಅಂತ ಆಗಿನ ಅಧ್ಯಕ್ಷ ಒಲಾಂಡ್, ಅಂಥದೊಂದು ಶಿಬಿರವಿದ್ದ ಮೊಂಟ್ರೇ-ಬೆಲ್ಲೆಯಲ್ಲಿ ನಿಂತು ಒಪ್ಪಿಕೊಂಡದ್ದು 2016ರ ಅಕ್ಟೋಬರ್‌ನಲ್ಲಿ. ಬರ್ಲಿನ್ ಚಿತ್ರೋತ್ಸವದಲ್ಲಿ ‘ಜಾಂಗೋ’ ಮೊದಲು ತೆರೆಕಂಡದ್ದು ಅದಾದ ನಾಲ್ಕು ತಿಂಗಳೊಳಗೇ.